ಚಂದನ ಹಚ್ಚಿದ ಟೈಪ್‌ರೈಟರ್

ಮೊಮ್ಮಗಳು ಟೈಪಿಂಗ್ ಪರೀಕ್ಷೆ ಪಾಸಾದಳು! ಪೋಸ್ಟಿನಲ್ಲಿ ಬಂದ ಕಾಗದವನ್ನು ಅವಳು ಮೂರು ಸಲ ಓದಿ ಹೇಳಿದಳು. ನಾನು ನಾಲ್ಕನೆಯ ಸಲವೂ ಓದಿಸಿದೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವನ ಮನೆಯಲ್ಲಿ ಇಂಥದ್ದು ಆಗುತ್ತದೆಂದು ಯಾರು ಎಣಿಸಿದ್ದರು!

ಅವಳು ಹುಟ್ಟುವ ಮೊದಲಿನ ಮಾತು. ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಅಮ್ಮತ್ತಿ ಸುತ್ತಿನ ಬಿಳಿ ದೊರೆಗಳು ಕಾಫಿ ಎಸ್ಟೇಟ್ ಮಾರಿ ಹೋಗುವಾಗ ಆಫೀಸಿನ ಹಳೇ ಟೈಪ್‌ರೈಟರ್‌ಗಳನ್ನು ಗೋದಾಮಿಗೆ ಹಾಕಿ ಹೋಗುತ್ತಿದ್ದರು. ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದ ನನ್ನ ಮಗ ಮೊದಲು ಎರಡನ್ನು ಮನೆಗೆ ತಂದಿದ್ದ. ಅವನ ಮಗಳು, ಇದೇ ಮೊಮ್ಮಗಳು, ಅಂಬೆಗಾಲಿಡುವಾಗಲೇ ಅವನು ಜ್ವರದಲ್ಲಿ ಹೋದ. ಆಮೇಲೆ ಆ ಹುಚ್ಚು ನನಗೆ ಹತ್ತಿತು. ಎಲ್ಲಿ ಹಳೇ ಮೆಷಿನ್ ಇದೆಯೆಂದರೂ ಹೋಗಿ, ಗೋಣಿಯಲ್ಲಿ ಸುತ್ತಿ ಹೊತ್ತು ತರುತ್ತಿದ್ದೆ. ಒಂಬತ್ತಾದವು. ಇಂಗ್ಲಿಷ್ ಅಕ್ಷರ ನನಗೆ ಬಾರದು. ಆದರೆ ಕುಟ್ಟಿ ನೋಡಿದರೆ ಯಾವುದರ ಸದ್ದು ಮಗ ಟೈಪು ಮಾಡುತ್ತಿದ್ದ ಮೆಷಿನ್ನಿಗೆ ಹತ್ತಿರವೆಂದು ಗೊತ್ತಾಗುತ್ತಿತ್ತು.

ಅವನ ಮೆಷಿನ್ನಿನಲ್ಲಿ ಅರ್ಧ ಟೈಪು ಮಾಡಿದ ಹಾಳೆ ಹಾಗೇ ಇತ್ತು. ಅದಕ್ಕೆ ಬಟ್ಟೆ ಮುಚ್ಚಿ, ಯಾರಿಗೂ ಮುಟ್ಟಗೊಡಲಿಲ್ಲ. ನಮಗೇ ಏನೋ ಬರೆದಿದ್ದಾನೆಂದು ನನ್ನ ನಂಬಿಕೆ.

ಮೊಮ್ಮಗಳು ದೊಡ್ಡವಳಾಗಿ ಟೈಪಿಂಗ್ ಪರೀಕ್ಷೆ ಕಟ್ಟಿದಳು. ಅದಕ್ಕೆ ಅವರವರ ಮೆಷಿನ್ ಅವರವರೇ ಒಯ್ಯಬೇಕಿತ್ತು. ಮೊಮ್ಮಗಳು ಒಂದನ್ನು ಆರಿಸಿ ದಿನವೂ ಕಲಿತಳು. ಇನ್ನು ಐದು ದಿನ ಇರುವಾಗ ಕೈಲ್ ಮುಹೂರ್ತ ಬಂತು. ಕೋವಿ, ಕತ್ತಿಗಳಿಗೆ ಚಂದನವಿಟ್ಟು ಪೂಜಿಸುವ ಹಬ್ಬ. ಅವಳ ಆಯುಧ ಇದೇ ತಾನೆ ಎಂದು, ಅಕ್ಷರ ಕೂತ ಒಂದೊಂದು ಕಡ್ಡಿಗೂ ಚಂದನ ಹಚ್ಚಿದೆ. ಒಣಗಿ ಎಲ್ಲವೂ ಅಂಟಿಕೊಂಡವು. ಗಾಬರಿಯಲ್ಲಿ ಇಕ್ಕಳ ಹಾಕಿ ಎಳೆದೆ. ಒಂದು ಕಡ್ಡಿ ಮುರಿದೇ ಹೋಯಿತು.

ವಿರಾಜಪೇಟೆಗೆ ಒಯ್ದೆ. ರಿಪೇರಿ ಅಂಗಡಿಯ ಕಾಕ ನಕ್ಕರು. “ಅಜ್ಜಾ, ಇನ್ನು ಇದನ್ನು ಹಿಡ್ಕೊಂಡು ಹಂದಿಬೇಟೆಗೆ ಹೋಗಿ! ಇದೇ ಕಂಪೆನಿದು ಇನ್ನೊಂದು ಉಂಟಾ? ಇದ್ರೆ ಅದರ ಕಡ್ಡಿ ತೆಗ್ದು ಹಾಕ್ತೇನೆ.”

ಇದ್ದದ್ದು ಮಗನದೊಂದೇ. ಮನೆಗೆ ಬಂದು ಹೇಳಿದೆ.

“ಬೇಡ ಅಜ್ಜ, ನಾನು ಮುಂದಿನ ಸಲ ಕೂರ್ತೇನೆ,” ಎಂದಳು ಮೊಮ್ಮಗಳು. ಬಾಗಿಲಲ್ಲಿ ನಿಂತಿದ್ದ ಸೊಸೆ ಮೆಲ್ಲಗೆ, “ಮಾವ, ಅವರಿದ್ದಿದ್ರೆ ಅವರೇ ಬಿಚ್ಚಿ ಕೊಡ್ತಿದ್ರು,” ಎಂದಳು.

ಬಟ್ಟೆ ತೆಗೆದೆ. ಹಾಳೆ ಎಳೆಯುವಾಗ ಅಂಚು ಪುಡಿಯಾಯಿತು.

“ಓದು ಮಗಾ.”

“ಲೈನಿನ ಮಾಡಿಗೆ ಹೊಸ ತಗಡು ಬೇಕು ಅಂತ ದೊರೆಗೆ ಬರ್ದದ್ದು, ಅಜ್ಜ.”

“ಮತ್ತೆ ಎಂಥದ್ದು?”

“ಅಷ್ಟೇ.”

ಲೈನಿನಲ್ಲಿ ಆಳುಗಳ ಮನೆ ಸೋರುತ್ತಿದ್ದದ್ದು ಅವನಿಗೆ ಚಿಂತೆ. ನಮಗೆಂದು ಒಂದು ಮಾತೂ ಇರಲಿಲ್ಲ. ಮಾರನೆಯ ದಿನ ಆ ಮೆಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅತ್ತದ್ದನ್ನು ಯಾರಿಗೂ ಹೇಳಿಲ್ಲ. ಕಾಕ ಕಡ್ಡಿ ಬದಲಿಸಿ ಕೊಟ್ಟರು, ಮೊಮ್ಮಗಳು ಪರೀಕ್ಷೆ ಬರೆದಳು. ಮಗನ ಮೆಷಿನ್ನಿನಲ್ಲಿ ಇವತ್ತಿಗೂ ಒಂದು ಅಕ್ಷರ ಇಲ್ಲ.

ಪಾಸಾದ ಸುದ್ದಿ ಬಂದ ಸಂಜೆ ಅಕ್ಕಿ ಶಾವಿಗೆಯ ನೂಪುಟ್ಟು, ಕೋಳಿಸಾರು ಮಾಡಿದರು. ಯಾವಾಗಲೂ ಕೊನೆಗೆ ಉಣ್ಣುವ ಸೊಸೆಯನ್ನು ಮೊಮ್ಮಗಳು ಕೈ ಹಿಡಿದು ತನ್ನ ಪಕ್ಕ ಕೂರಿಸಿದಳು. “ಅತ್ತದ್ದು ಸಾಕು, ಸಾರಿಗೆ ಉಪ್ಪು ಮೊದಲೇ ಹಾಕಿ ಆಗಿದೆ,” ಎಂದು ನನ್ನ ಹೆಂಡತಿ ನನ್ನನ್ನು ಗದರಿದಳು. ಆಮೇಲೆ ತಾನೂ ಸೆರಗಿನಲ್ಲಿ ಕಣ್ಣೊರೆಸಿ ಕುಳಿತಳು. ನಾಲ್ವರೂ ಒಟ್ಟಿಗೆ ಉಂಡೆವು.