ಬೇಕರಿ ಲಿಯೋನಾಳ ಸಾರ್ವಕಾಲಿಕ ತಂಡ

ಬಾಳ್ಳುಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡ ಬೇಕರಿಗಳು ನಾಲ್ಕಾರಿವೆ. ಅವುಗಳಲ್ಲಿ ಬಸ್ಸಿನವರು ಹುಡುಕಿಕೊಂಡು ಬರುತ್ತಿದ್ದುದು ಲಿಯೋನಾಳ ಬೇಕರಿಗೆ. ಅಲ್ಲಿಯ ಬನ್ನು ಚೆನ್ನಾಗಿತ್ತು ಎಂಬುದು ಒಂದು ಕಾರಣ. ಅಲ್ಲಿ ನಡೆಯುತ್ತಿದ್ದ ಜಗಳ ಇನ್ನೊಂದು. ಹಾಸನದಿಂದ ಸಕಲೇಶಪುರಕ್ಕೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್ ಜಯಕುಮಾರ್ ಬೆಳಗಿನ ಚಹಾಕ್ಕೆ ಅಲ್ಲಿ ಇಳಿಯುತ್ತಿದ್ದ. ಇಳಿದನೆಂದರೆ ಗಾಜಿನ ಕಪಾಟಿನ ಆ ಕಡೆಯಿಂದ ಲಿಯೋನಾ, ಈ ಕಡೆಯಿಂದ ಅವನು, ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರನ್ನು ಪಾಲು ಮಾಡಿಕೊಳ್ಳಲು ಶುರು ಹಚ್ಚುತ್ತಿದ್ದರು.

ಆ ಆಟದ ಕಟ್ಟಳೆ ಸರಳ. ಈವರೆಗೆ ಆಡಿದವರಲ್ಲಿ, ಸತ್ತವರು ಬದುಕಿರುವವರು ಎಂಬ ಭೇದವಿಲ್ಲದೆ, ಒಬ್ಬೊಬ್ಬರು ಐವರನ್ನು ಆರಿಸಬೇಕು. ಒಬ್ಬರು ತೆಗೆದುಕೊಂಡ ಆಟಗಾರ ಇನ್ನೊಬ್ಬರಿಗಿಲ್ಲ. ಎಲ್ಲರೂ ತಮ್ಮ ತುಂಬು ಹರೆಯದಲ್ಲಿ ಇದ್ದಾರೆಂದೇ ಎಣಿಸಬೇಕು. ಆಮೇಲೆ ಎರಡು ತಂಡಗಳನ್ನೂ ಎದುರುಬದುರು ನಿಲ್ಲಿಸಿ, ಗೆಲ್ಲುವುದು ಯಾವುದೆಂದು ವಾದಿಸಬೇಕು.

"ಜೋರ್ಡನ್ ನಂಗೆ. ಚೇಂಬರ್ಲೇನೂ ನಂಗೆ," ಎನ್ನುತ್ತಿದ್ದ ಜಯಕುಮಾರ್. "ಒಂದೇ ಆಟದಾಗೆ ನೂರು ಪಾಯಿಂಟ್ ಹೊಡ್ದ ಗಂಡು ಕಣಕ್ಕ ಅವನು."

"ತಗೋ ಮಾರಾಯ, ಬ್ಯಾಡ ಅಂದೋರ್ಯಾರು? ನಂಗೆ ರಸೆಲ್ ಅವ್ನೆ, ಮ್ಯಾಜಿಕ್ ಅವ್ನೆ."

"ರಸೆಲ್ ಬಾಲ್ ಹಾಕೋದೇ ಕಮ್ಮಿ."

"ಹಾಕೋಕೆ ಬೇರೆಯೋರು ಅವ್ರೆ. ನಿನ್ನ ಟೀಮಾಗೆ ಐದೂ ಜನ ಹಾಕೋರೇ ಆದ್ರೆ ಪಾಸ್ ಕೊಡೋನು ಯಾವನೋ? ಐದು ಜನ ಮದುಮಕ್ಕಳನ್ನ ಒಂದೇ ಹಸೆಮಣೆ ಮ್ಯಾಲೆ ಕೂರ್ಸಿದಂಗಾಯ್ತು!"

ಚಹಾ ಕುಡಿಯುತ್ತಿದ್ದವರೆಲ್ಲ ನಗುತ್ತಿದ್ದರು. ಹೆಸರುಗಳು ಅರ್ಥವಾಗದಿದ್ದರೂ ಕೆಲವರು ಲಿಯೋನಾಳ ಕಡೆ, ಕೆಲವರು ಜಯಕುಮಾರನ ಕಡೆ ನಿಲ್ಲುತ್ತಿದ್ದರು. ಡ್ರೈವರ್ ಹಾರನ್ ಒತ್ತುತ್ತಿದ್ದ. ಬಾಯಲ್ಲಿ ಬನ್ನು ಕಚ್ಚಿಕೊಂಡೇ ಜಯಕುಮಾರ್ ಓಡುತ್ತಿದ್ದ. ಒಳಗೆ ಒಲೆಯ ಮುಂದೆ ನಿಂತ ಆಲ್ಬನ್, ಲಿಯೋನಾಳ ಗಂಡ, ಬೆವರು ಒರೆಸಿಕೊಂಡು, "ಇವತ್ತು ಯಾರು ಗೆದ್ದಿದ್ದು?" ಎಂದು ಕೇಳುತ್ತಿದ್ದ. "ನಾನೇ," ಎನ್ನುತ್ತಿದ್ದಳು ಅವಳು, ಪ್ರತಿ ದಿನವೂ.

ಲಿಯೋನಾ ಐವತ್ತು ದಾಟಿದ ಹೆಂಗಸು. ಕುಳ್ಳಿ, ದುಂಡು ಕೈ, ಚುರುಕು ಕಣ್ಣು. ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಅವಳ ಅಜ್ಜ ಎಸ್ಟೇಟುಗಳಿಗೆ ಬ್ರೆಡ್ಡು ಹೊತ್ತು ಮಾರಿದವನು. ಬೇಕರಿ ಕಟ್ಟಿದ್ದು ಅಪ್ಪ ಕ್ರಿಸ್ಟೋಫರ್. ಅವಳು ಸಕಲೇಶಪುರದಲ್ಲಿ ಓದುತ್ತಿದ್ದಾಗ ಶಾಲೆಯಲ್ಲೊಂದು ಬಾಸ್ಕೆಟ್‌ಬಾಲ್ ಅಂಗಳವಿತ್ತು. ಒಂದು ಬದಿಯ ಸಿಮೆಂಟು ಒಡೆದು ಹುಲ್ಲು ಬಂದಿತ್ತು. ಇನ್ನೊಂದು ಬದಿಯ ಬುಟ್ಟಿಗೆ ಬಲೆಯೇ ಇರಲಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಹುಡುಗಿಯರೇ ತೆಂಗಿನ ಪೊರಕೆ ಹಿಡಿದು ಉಜ್ಜುತ್ತಿದ್ದರು. ಅಲ್ಲಿ ಅವಳಿಗೆ ಸುಚಿತ್ರಾ ಸಿಕ್ಕಿದ್ದು.

ಸುಚಿತ್ರಾ ಕುಂದೂರಿನ ರೈತ ಮಹಾದೇವಯ್ಯನವರ ಮಗಳು. ಬಾಗಿಲು ದಾಟುವಾಗ ತಲೆ ತಗ್ಗಿಸಿ ತಗ್ಗಿಸಿ ಬೆನ್ನು ಗೂನಾಗುತ್ತಿದ್ದ ಹುಡುಗಿ. ತನ್ನ ಎತ್ತರಕ್ಕೆ ನಾಚಿಕೊಳ್ಳುತ್ತಿದ್ದವಳು ಅಂಗಳಕ್ಕೆ ಕಾಲಿಟ್ಟರೆ ಮಾತ್ರ ನೆಟ್ಟಗಾಗುತ್ತಿದ್ದಳು. ಲಿಯೋನಾ ಚೆಂಡು ಪುಟಿಸುತ್ತ ಬಂದು, ಎಡಕ್ಕೆ ನೋಡಿ ಬಲಕ್ಕೆ ಎಸೆದರೆ, ಅಲ್ಲಿ ಸುಚಿತ್ರಾಳ ಕೈ ಇರುತ್ತಿತ್ತು. ಹೇಗೆ ಇರುತ್ತಿತ್ತೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರನ್ನೊಬ್ಬರು ಕೇಳಿಕೊಂಡವರೂ ಅಲ್ಲ.

ಆ ಶಾಲೆಯ ತಂಡ ಜಿಲ್ಲೆ ಗೆದ್ದಿತು. ಇಬ್ಬರಿಗೂ ರಾಜ್ಯ ತಂಡದ ತರಬೇತಿ ಶಿಬಿರಕ್ಕೆ ಕರೆ ಬಂತು. ಹೊರಡಬೇಕಾದ ವಾರವೇ ಕ್ರಿಸ್ಟೋಫರ್ ಒಲೆಯ ಮುಂದೆ ಕುಸಿದು ಬಿದ್ದ. ಎಡ ಮೈ ಬಿದ್ದುಹೋಯಿತು. ಮನೆಯಲ್ಲಿ ಒಲೆಯ ಹದ ಗೊತ್ತಿದ್ದವಳು ಲಿಯೋನಾ ಒಬ್ಬಳೇ. "ಅಪ್ಪ ಏಳಲಿ, ಬರ್ತೀನಿ," ಎಂದು ಅವಳು ಸುಚಿತ್ರಾಳನ್ನು ಬಸ್ಸು ಹತ್ತಿಸಿದಳು. ಅಪ್ಪ ಎದ್ದ, ಆದರೆ ಕೋಲಿಲ್ಲದೆ ನಡೆಯಲಿಲ್ಲ. ಕೆಲಸಕ್ಕೆಂದು ಆಲ್ಬನ್ ಬಂದ. ಒಳ್ಳೆಯ ಹುಡುಗ. ಎರಡು ವರ್ಷದಲ್ಲಿ ಮದುವೆಯೂ ಆಯಿತು. ಸುಚಿತ್ರಾ ರಾಜ್ಯಕ್ಕೆ ಆಡಿದಳು, ಆಟದ ಮೇಲೆಯೇ ರೈಲ್ವೆಯಲ್ಲಿ ಕೆಲಸ ಸಿಕ್ಕಿ ಹುಬ್ಬಳ್ಳಿಗೆ ಹೋದಳು ಎಂದು ಯಾರೋ ಹೇಳಿದರು. ಮೊದಮೊದಲು ಗೆಳತಿಯರಿಬ್ಬರೂ ಕಾಗದ ಬರೆದುಕೊಂಡರು. ಆಮೇಲೆ ಬರೆಯಲಿಲ್ಲ. ಜಗಳವೇನೂ ಆಗಿರಲಿಲ್ಲ, ಒಬ್ಬಳಿಗೆ ಹೇಳಲು ತುಂಬ ಇತ್ತು, ಇನ್ನೊಬ್ಬಳಿಗೆ ಬ್ರೆಡ್ಡು ಬಿಟ್ಟರೆ ಬೇರೆ ಇರಲಿಲ್ಲ, ಅಷ್ಟೆ.

ಮಗಳು ಡೆಲ್ಸಿ ಮದುವೆಯಾಗಿ ಮಡಿಕೇರಿಗೆ ಹೋಗುವ ಮುಂಚೆ ಅಮ್ಮನಿಗೊಂದು ಫೋನು ಕೊಡಿಸಿದಳು. ಅದರಲ್ಲಿ ಹಳೆಯ ಆಟಗಳೆಲ್ಲ ಸಿಗುತ್ತವೆಂದು ತೋರಿಸಿಕೊಟ್ಟವನು ಜಯಕುಮಾರ್. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಲಿಯೋನಾ ಮ್ಯಾಜಿಕ್ ಜಾನ್ಸನ್ ಕತ್ತು ಒಂದು ಕಡೆ ತಿರುಗಿಸಿ ಇನ್ನೊಂದು ಕಡೆ ಪಾಸ್ ಕೊಡುವುದನ್ನು ನೋಡುತ್ತಿದ್ದಳು. ನೋಡನೋಡುತ್ತ ಹಿಟ್ಟು ಮೆತ್ತಿದ ಅವಳ ಬೆರಳುಗಳು ತಾವಾಗಿಯೇ ಅಗಲವಾಗುತ್ತಿದ್ದವು. ಹಾಗೆ ಶುರುವಾದದ್ದು ಈ ತಂಡ ಕಟ್ಟುವ ಹುಚ್ಚು.

ಒಂದು ದಿನ ಜಯಕುಮಾರನಿಗೆ ಬೇಸರ ಬಂತು. "ಅಮೆರಿಕ ಸಾಕು ಕಣಕ್ಕ. ಇವತ್ತು ನಮ್ ಜಿಲ್ಲೆ ಟೀಮ್ ಮಾಡಾನ. ನೀನು ಹೆಂಗಸ್ರದ್ದು, ನಾನು ಗಂಡಸ್ರದ್ದು."

ಲಿಯೋನಾ ಒಂದು ಗಳಿಗೆಯೂ ಯೋಚಿಸಲಿಲ್ಲ. "ಬುಟ್ಟಿ ಕೆಳಗೆ ನಿಲ್ಲೋ ಸೆಂಟರ್, ಕುಂದೂರು ಸುಚಿತ್ರಾ," ಎಂದಳು. ಅಮೆರಿಕದವರನ್ನು ಹೆಸರಿಸುವಾಗ ಇರದ ಏನೋ ಒಂದು ಅವಳ ದನಿಯಲ್ಲಿತ್ತು.

"ಅದ್ಯಾರಕ್ಕ?"

"ಆಡಿದ್ರೆ ನಿನ್ನ ಚೇಂಬರ್ಲೇನೂ ಒಂದು ಸಲ ತಿರುಗಿ ನೋಡ್ಬೇಕಿತ್ತು, ಹಂಗಿದ್ಲು."

"ಈಗ ಎಲ್ಲವ್ಳೆ?"

ಲಿಯೋನಾ ಕಪಾಟಿನ ಗಾಜು ಒರೆಸತೊಡಗಿದಳು. ಗಾಜು ಚೊಕ್ಕಟವಾಗಿಯೇ ಇತ್ತು. "ಗೊತ್ತಿಲ್ಲ ಕಣೋ," ಎಂದಳು.

ಕಂಡಕ್ಟರನಿಗೆ ಗೊತ್ತಿಲ್ಲದ ಊರಿಲ್ಲ, ಮಾತಾಡದ ಪ್ರಯಾಣಿಕರಿಲ್ಲ. ಮುಂದಿನ ವಾರವೇ ಜಯಕುಮಾರ್ ಸುದ್ದಿ ತಂದ. "ಅಕ್ಕ, ನಿನ್ನ ಸೆಂಟರ್ ಸಿಕ್ಬುಟ್ಲು! ಮಂಡಿ ಚಿಪ್ಪು ಹೋಗಿ ಕೆಲ್ಸ ಬಿಟ್ಟು ಬಂದು, ಕುಂದೂರಾಗೆ ಅಣ್ಣನ ಮನೇಲವ್ಳಂತೆ. ಬಂದು ಎರಡು ವರ್ಷ ಆಯ್ತಂತೆ."

ಲಿಯೋನಾಳಿಗೆ ಮೊದಲು ಬಂದದ್ದು ಸಂತೋಷ. ಅದರ ಬೆನ್ನಿಗೇ ಮುನಿಸು. ಎರಡು ವರ್ಷ. ಇಷ್ಟು ಹತ್ತಿರ. ಒಂದು ಸಲವಾದರೂ ಈ ಬಾಗಿಲಿಗೆ ಬರಬಾರದಿತ್ತೆ?

ಆಲ್ಬನ್ ಹೇಳಿದ, "ಅವಳು ಬರಲಿಲ್ಲ ಅಂದ್ರೆ ನೀನು ಹೋಗು. ಒಲೆ ನಾನು ನೋಡ್ಕೋತೀನಿ."

ಪ್ಲಮ್ ಕೇಕೊಂದನ್ನು ಕಟ್ಟಿಕೊಂಡು ಲಿಯೋನಾ ಕುಂದೂರಿನ ಬಸ್ಸು ಹತ್ತಿದಳು. ಶುಂಠಿ ಗದ್ದೆಗಳ ನಡುವೆ, ಸಿಲ್ವರ್ ಓಕ್ ಸಾಲುಗಳ ಪಕ್ಕದಲ್ಲಿ ಬಸ್ಸು ಏರಿಳಿಯುವಾಗ ಅವಳಿಗೆ ಮೊದಲ ಮಾತು ಏನಾಡಬೇಕೆಂದೇ ತೋಚಲಿಲ್ಲ. ಮನೆ ತೋರಿಸಿದವಳು ಸುಚಿತ್ರಾಳ ಅತ್ತಿಗೆ ಗುರುಶಾಂತಮ್ಮ. "ಒಳಗವ್ಳೆ ಬನ್ನಿ. ಯಾರು ಬಂದ್ರೂ ಎದ್ದು ನಿಲ್ಲಕ್ಕಾಗಲ್ಲ ಅಂತ ಅವ್ಳಿಗೆ ಬೇಜಾರು," ಎಂದು ಹೇಳಿ ಒಳಕ್ಕೆ ಕರೆದಳು.

ನಡುಮನೆಯ ಕುರ್ಚಿಯಲ್ಲಿ ಕಾಲು ನೀಡಿಕೊಂಡು ಸುಚಿತ್ರಾ ಅವರೆಕಾಯಿ ಸುಲಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕುಳಿತಿದ್ದರೂ ಅವಳ ತಲೆ ನಿಂತಿದ್ದ ಲಿಯೋನಾಳ ಎದೆಮಟ್ಟಕ್ಕಿಂತ ಮೇಲಿತ್ತು. ಅವಳು ತಲೆಯೆತ್ತಿ ನೋಡಿದಳು, ಆಶ್ಚರ್ಯಪಡಲಿಲ್ಲ.

"ಬಂದ್ಯಾ," ಎಂದಳು. "ನೀನಿನ್ನೂ ಗಿಡ್ಡಾನೇ ಇದೀಯಲ್ಲೇ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಲಿಯೋನಾ ತಡೆಯಲಾರದೆ ಕೇಳಿಯೇಬಿಟ್ಟಳು. "ಎರಡು ವರ್ಷದಿಂದ ಇಲ್ಲಿದ್ದು ನನ್ನ ಹತ್ರ ಬರಲಿಲ್ಲವಲ್ಲೇ?"

"ಬಂದಿದ್ದೆ ಕಣೆ." ಸುಚಿತ್ರಾ ಕಾಳನ್ನು ಮೊರಕ್ಕೆ ಹಾಕಿದಳು. "ಬಸ್ಸು ನಿನ್ನ ಅಂಗಡಿ ಮುಂದೇನೇ ನಿಂತಿತ್ತು. ಗಾಜಿನಾಚೆ ನೀನು ಕಾಣ್ತಿದ್ದೆ. ಯಾರ ಜೊತೇನೋ ಕೈ ಬೀಸಿ ಬೀಸಿ ಜಗಳ ಆಡ್ತಿದ್ದೆ. ಹುಡುಗಿ ಥರಾನೇ ಇದ್ದೆ. ನಾನು ಈ ಕೋಲು ಊರ್ಕೊಂಡು ಇಳಿದು ಬರಬೇಕಲ್ಲ ಅನ್ನಿಸ್ತು. ಇಳೀಲಿಲ್ಲ."

ಗುರುಶಾಂತಮ್ಮ ಕಾಫಿ ತಂದಳು. ಕೇಕು ಕತ್ತರಿಸಿದರು. ಯಾವ ಜಗಳವೆಂದು ಸುಚಿತ್ರಾ ಕೇಳಿದಾಗ ಲಿಯೋನಾ ತಂಡ ಕಟ್ಟುವ ಆಟ ವಿವರಿಸಿದಳು. ಸುಚಿತ್ರಾಳ ಕಣ್ಣು ಅರಳಿತು. ರಸೆಲ್ ಮೇಲೋ ಚೇಂಬರ್ಲೇನ್ ಮೇಲೋ ಎಂಬುದಕ್ಕೆ ಅವಳು ಲಿಯೋನಾಳ ಪಕ್ಷವೇ ವಹಿಸಿದಳು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಆಗ ಲಿಯೋನಾ, ಬಸ್ಸಿನಲ್ಲಿ ಉದ್ದಕ್ಕೂ ಮನಸ್ಸಿನಲ್ಲಿಟ್ಟುಕೊಂಡು ಬಂದದ್ದನ್ನು ಆದಷ್ಟು ಹಗುರವಾಗಿ ಕೇಳಿದಳು.

"ಅವರೆಲ್ಲ ಇರಲಿ. ನೀನು ಆಡಿದ್ಯಲ್ಲ, ನಿನ್ನ ಜೊತೆ ಆಡಿದೋರಲ್ಲೇ ಐದು ಜನರ ಟೀಮ್ ಮಾಡು ನೋಡಾನ."

ಸುಚಿತ್ರಾ ಮೊರ ಪಕ್ಕಕ್ಕಿಟ್ಟಳು. ಕೋಟ್ಟಯಂನ ಒಬ್ಬಳು, ಪಂಜಾಬಿನ ಒಬ್ಬಳು, ಚೆನ್ನೈಯ ಅಕ್ಕತಂಗಿಯರಲ್ಲಿ ಅಕ್ಕ. ಒಬ್ಬೊಬ್ಬಳ ಆಟವನ್ನೂ ಕೈಯಾಡಿಸಿ ತೋರಿಸುತ್ತ ಹೇಳಿದಳು. ಸೆಂಟರ್ ತಾನೇ ಎಂದಳು, ಸಂಕೋಚವಿಲ್ಲದೆ. ಉಳಿದದ್ದು ಚೆಂಡು ತರುವವಳ ಜಾಗ. ಲಿಯೋನಾ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾದಳು.

"ಗಾರ್ಡು, ತ್ರಿಶೂರಿನ ಒಬ್ಬಳಿದ್ಲು ಕಣೆ," ಎಂದಳು ಸುಚಿತ್ರಾ. "ಅಂಥ ಪಾಸ್ ನಾನು ಇನ್ನೊಬ್ರಿಂದ ತಗೊಂಡಿಲ್ಲ. ರೈಲ್ವೆ ಟೀಮಲ್ಲಿ ಹನ್ನೊಂದು ವರ್ಷ ಒಟ್ಟಿಗೆ ಆಡಿದ್ವಿ."

ಹೊರಗೆ ಕೋಳಿಗಳು ಕೆದರುವ ಸದ್ದು. ಲಿಯೋನಾ ನಗಲು ನೋಡಿದಳು. "ನನ್ನ ಮರ್ತ್‌ಬುಟ್ಯಾ?"

ಸುಚಿತ್ರಾ ಅವಳನ್ನು ನೋಡಿದಳು. ಸುಳ್ಳು ಹೇಳಬಹುದಿತ್ತು, ಗೆಳತಿಯ ಮನಸ್ಸು ಉಳಿಸಲು ಒಂದು ಹೆಸರು ಬದಲಿಸಿದರೆ ಆಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ.

"ಮರೆಯೋದಾ? ಶಿಬಿರದಾಗೆ ದಿನಾ ಬಸ್ ಬರೋ ಹೊತ್ತಿಗೆ ಗೇಟಿನ ಹತ್ರ ಹೋಗಿ ನಿಂತ್ಕೋತಿದ್ದೆ, ನೀನು ಇಳೀತೀಯಾ ಅಂತ. ಆದ್ರೆ ಲಿಯೋನಾ, ನಾವಾಡಿದ್ದು ಎರಡೇ ವರ್ಷ. ಶಾಲೆ ಮಕ್ಕಳು ನಾವು. ನೀನು ಬಂದಿದ್ರೆ ಎಷ್ಟು ದೊಡ್ಡೋಳಾಗ್ತಿದ್ದೆ ಅಂತ ನಂಗೆ ಗೊತ್ತಿಲ್ಲ. ಗೊತ್ತಿಲ್ದಿರೋದನ್ನ ಟೀಮಿಗೆ ಹೆಂಗೆ ಹಾಕ್ಲಿ?"

ಅದು ನ್ಯಾಯವೇ ಎಂದು ಲಿಯೋನಾಳಿಗೆ ತಿಳಿಯಿತು. ಆಟ ಗೊತ್ತಿದ್ದವಳಾದ್ದರಿಂದಲೇ ತಿಳಿಯಿತು. ಅಷ್ಟು ವರ್ಷ ಅವಳು ನೆನೆದದ್ದು ಗೆಳತಿಯನ್ನು ಎಂದುಕೊಂಡಿದ್ದಳು. ಈಗ ನೋಡಿದರೆ ಗೆಳತಿ ಎದುರಿಗೇ ಕುಳಿತಿದ್ದಾಳೆ, ನೆನಪಿನ ಹಸಿವು ಮಾತ್ರ ಹಾಗೆಯೇ ಇದೆ. ಆ ಬಸ್ಸು ಹತ್ತಿ ಹೋದ, ಹೋಗಿ ಆಡಿದ, ಸೋತ, ಗೆದ್ದ, ಮಂಡಿ ಮುರಿದುಕೊಂಡ ಇನ್ನೊಬ್ಬ ಲಿಯೋನಾ ಎಲ್ಲಿಯೂ ಇರಲಿಲ್ಲ. ಅವಳನ್ನು ಯಾರ ತಂಡಕ್ಕೂ ಆರಿಸುವಂತಿರಲಿಲ್ಲ.

ಹೊರಡುವಾಗ ಸುಚಿತ್ರಾ ಕೋಲೂರಿ ಎದ್ದು ಬಾಗಿಲತನಕ ಬಂದಳು. ಗುರುಶಾಂತಮ್ಮ ಬೇಡ ಬೇಡ ಎಂದರೂ ಕೇಳಲಿಲ್ಲ. ಬಾಗಿಲಿನಲ್ಲಿ ಅಭ್ಯಾಸದಂತೆ ತಲೆ ತಗ್ಗಿಸಿದಳು. "ಇನ್ನೊಂದ್ಸಲ ಬಸ್ ನಿಂತ್ರೆ ಇಳೀತೀನಿ," ಎಂದಳು.

ಇಳಿದಳು ಕೂಡ. ಆಸ್ಪತ್ರೆಗೆಂದು ಸಕಲೇಶಪುರಕ್ಕೆ ಹೋಗುವಾಗಲೆಲ್ಲ ಜಯಕುಮಾರನೇ ಕೈಹಿಡಿದು ಇಳಿಸುತ್ತಿದ್ದ. ಈಗ ಬೇಕರಿಯಲ್ಲಿ ಮೂರು ತಂಡ. ಸುಚಿತ್ರಾ ತ್ರಿಶೂರಿನವಳ ಕತೆ ಹೇಳುವಾಗ ಲಿಯೋನಾ ಮುಂದೆ ಬಾಗಿ ಕೇಳುತ್ತಾಳೆ. ಪಾಸ್ ಹೇಗೆ ಕೊಡುತ್ತಿದ್ದಳು, ಯಾವ ಕೈ, ಕಣ್ಣು ಎಲ್ಲಿರುತ್ತಿತ್ತು ಎಂದು ಒಂದೊಂದನ್ನೂ ವಿಚಾರಿಸುತ್ತಾಳೆ. ನೋವು ಇಲ್ಲವೆಂದಲ್ಲ. ಆದರೂ ಕೇಳಬೇಕೆನ್ನಿಸುತ್ತದೆ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಅಂಗಡಿ ಖಾಲಿಯಿದ್ದಾಗ, ಅವಳು ಆಲ್ಬನ್‌ನನ್ನು ಕೇಳಿದಳು. "ನಾನು ಅವತ್ತು ಶಿಬಿರಕ್ಕೆ ಹೋಗಿದ್ರೆ ಏನಾಗ್ತಿತ್ತು ಅಂತೀಯ?"

ಆಲ್ಬನ್ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಚೆನ್ನಾಗಿ ಆಡ್ತಿದ್ದೆ," ಎಂದ. ಹಿಟ್ಟನ್ನು ಮಗುಚಿ ಹಾಕಿ ಹೇಳಿದ, "ನಾನು ಬೇರೆ ಯಾರದ್ದೋ ಬೇಕರೀಲಿ ಇರ್ತಿದ್ದೆ."

ಲಿಯೋನಾ ಅವನ ಪಕ್ಕಕ್ಕೆ ಹೋಗಿ ಹಿಟ್ಟಿನ ಒಂದು ಉಂಡೆ ತೆಗೆದುಕೊಂಡು ನಾದತೊಡಗಿದಳು. ಏನಾದರೂ ಹೇಳಬೇಕೆಂದು ಅವಳಿಗಿತ್ತು. ಹೋಗಬೇಕಿತ್ತು ಎಂದರೂ ಅರ್ಧ ಸುಳ್ಳು, ಹೋಗದಿದ್ದುದೇ ಒಳ್ಳೆಯದಾಯಿತು ಎಂದರೂ ಅರ್ಧ ಸುಳ್ಳಾಗುತ್ತಿತ್ತು. ಹೊರಗೆ ಮಂಗಳೂರಿನ ಕಡೆಗೆ ಲಾರಿಗಳ ಸಾಲು ಘಟ್ಟ ಇಳಿಯಲು ಹೊರಟಿತ್ತು. ಇಬ್ಬರೂ ಪಕ್ಕಪಕ್ಕ ನಿಂತು, ಸಂಜೆಯ ಬನ್ನುಗಳಿಗೆ ಹಿಟ್ಟು ನಾದಿದರು.