ಸೋಡಕ್ಕನ ಮೂಗು

ಆ ಕಟ್ಟಡದ ಮೂರು ಮಹಡಿಯವರಿಗೂ ಅವಳು ಸೋಡಕ್ಕ. ಪಾತ್ರೆ ತಳ ಹಿಡಿದರೂ, ಸಿಂಕು ಕಟ್ಟಿಕೊಂಡರೂ, ಕಪ್ಪಿನಲ್ಲಿ ಚಹಾದ ಕರೆ ಕೂತರೂ ಜನ ಅವಳ ಬಾಗಿಲನ್ನೇ ತಟ್ಟುತ್ತಿದ್ದರು.

"ಎರಡು ಚಮಚ ಅಡುಗೆ ಸೋಡಾ ಹಾಕಿ, ಬಿಸಿನೀರು ಹುಯ್ದು ಬಿಟ್ಬಿಡಿ. ನೀವು ಉಜ್ಜಿ ಸಾಯ್ಬೇಡಿ, ಅದೇ ಕೆಲಸ ಮಾಡ್ಲಿ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೇಡ, ನಿಮ್ಮ ಯಜಮಾನರ ಮುಖದ ಹಾಗೆ ಕಪ್ಪಾಗುತ್ತೆ" ಎನ್ನುವಳು.

ಗಂಡ ತೀರಿಕೊಂಡ ಮೇಲೆ ಒಂದು ದೊಡ್ಡ ಲಾಡ್ಜಿನಲ್ಲಿ ಬಟ್ಟೆ ಒಗೆಯುವ ಕಡೆ ಸೇರಿ, ಒಬ್ಬನೇ ಮಗನನ್ನು ಓದಿಸಿ ಮದುವೆ ಮಾಡಿದ್ದಳು. ಲಾಡ್ಜಿನಲ್ಲಿ ಅವಳದು ಮೂಗಿನ ಕೆಲಸ. ಒಗೆದು ಬಂದ ಹಾಸು, ಟವೆಲ್ಲುಗಳನ್ನು ಮೂಸಿ ನೋಡಿ, ಮುಗ್ಗಲು ವಾಸನೆ ಉಳಿದಿದ್ದರೆ ಸೋಡಾ ನೀರಿಗೆ ಮತ್ತೆ ಹಾಕಿಸಬೇಕು. ಅವಳ ಮೂಗು ದಾಟಿ ಒಂದು ಕರ್ಚೀಫೂ ಹೋಗುವುದಿಲ್ಲ ಎಂದು ಮೇಲ್ವಿಚಾರಕ ಎಲ್ಲರೆದುರು ಹೇಳುತ್ತಿದ್ದ.

ಮಗನ ಮದುವೆಗೆ ಸ್ವಲ್ಪ ಮೊದಲು ಅವಳಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹಾಲು ಸೀದು ಹೊಗೆ ಎದ್ದರೂ ಅವಳಿಗೆ ಏನೂ ತಿಳಿಯಲಿಲ್ಲ. ಸೋಪು ಮೂಸಿದಳು, ಬೆಳ್ಳುಳ್ಳಿ ಜಜ್ಜಿ ಮೂಸಿದಳು. ಗಾಳಿ ಮೂಸಿದ ಹಾಗಿತ್ತು.

ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ವಿಷಯ ಲಾಡ್ಜಿಗೆ ಮುಟ್ಟಿದರೆ ಕೆಲಸ ಹೋದಂತೆಯೇ. ಅಲ್ಲಿ ಅನುಮಾನ ಬಂದ ಬಟ್ಟೆಯನ್ನೆಲ್ಲ ಎರಡನೇ ಸಲಕ್ಕೆ ತಳ್ಳಿದಳು. ಮನೆಯಲ್ಲಂತೂ ಎಲ್ಲಿ ಏನು ನಾರುತ್ತಿದೆಯೋ ಎಂಬ ದಿಗಿಲು ಹಗಲೂ ರಾತ್ರಿ ಬಿಡಲಿಲ್ಲ. ಫ್ರಿಡ್ಜಿನೊಳಗೆ ಬಟ್ಟಲಲ್ಲಿ ಸೋಡಾ, ಕಸದ ಬುಟ್ಟಿಯ ತಳಕ್ಕೆ ಸೋಡಾ, ಮೋರಿಗೆ ಸೋಡಾ ಸುರಿದು ಮೇಲೆ ವಿನೆಗರ್. ಹೊಸದಾಗಿ ಬಂದ ಸೊಸೆಯ ಹಾಸಿಗೆಯ ಮೇಲೂ ಸೋಡಾ ಉದುರಿಸಿ, ಒಂದು ತಾಸು ಬಿಟ್ಟು ಬ್ರಷ್ಷಿನಿಂದ ಗುಡಿಸಿ ತೆಗೆಯುತ್ತಿದ್ದಳು.

ಸೊಸೆ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವವಳು. ಒಂದು ದಿನ ಬೂಟಿನೊಳಗೆ ಕಾಲಿಟ್ಟರೆ ಬಿಳಿ ಪುಡಿ. ಗಂಡನ ಮುಂದೆ ಬೂಟು ತಂದಿಟ್ಟಳು.

"ನಾನು ನಾರ್ತೀನಿ ಅಂತ ಬಾಯಲ್ಲಿ ಹೇಳೋಕೆ ಆಗಲ್ವಾ ನಿಮ್ಮಮ್ಮನಿಗೆ?"

"ಅಮ್ಮನಿಗೆ ಮೊದಲಿಂದ ಅದೊಂದು ಹುಚ್ಚು ಕಣೇ."

"ಹುಚ್ಚಿದ್ರೆ ನಿಮ್ಮ ಬೂಟಿಗೆ ಯಾಕಿಲ್ಲ?"

ಮಗ ಚಪ್ಪಲಿ ಹಾಕುವವನು, ಅವನಿಗೆ ಬೂಟೇ ಇರಲಿಲ್ಲ. ಇದನ್ನು ಹೇಳಲು ಹೋಗಿ ಇನ್ನಷ್ಟು ಬೈಸಿಕೊಂಡ.

ಆಮೇಲೆ ಅತ್ತೆ ಸೊಸೆಯರು ಎಣ್ಣೆ ಸೀಗೆಕಾಯಿಯಂತಾದರು. ಸೊಸೆ ಕೋಣೆಗೆ ಬಂದರೆ ಸೋಡಕ್ಕ ಮೊದಲು ಅವಳ ಮುಖ ನೋಡುವಳು. ಮೂಗು ಸತ್ತ ಮೇಲೆ ಅವಳು ವಾಸನೆಯನ್ನು ಪರರ ಮುಖದಲ್ಲೇ ಓದುತ್ತಿದ್ದಳು. ಹೀಗೆ ದಿಟ್ಟಿಸಿ ನೋಡುವುದೂ ಸೊಸೆಗೆ ಚುಚ್ಚಿತು. ತವರಿಗೆ ಫೋನು ಹೋಯಿತು. ಮಗ ಕೆಲಸದ ಮೇಲೆ ಬೇರೆ ಊರಿಗೆ ಹೊರಟಾಗ ಅವಳೂ ತವರಿಗೆ ಹೊರಟಳು. ಬರುವಾಗ ಅಪ್ಪ ಅಮ್ಮನನ್ನು ಕರೆದುಕೊಂಡೇ ಬಂದಳು. ಬೇರೆ ಮನೆ ಮಾಡುವ ಮಾತನ್ನು ಹಿರಿಯರೇ ಆಡಲಿ ಎಂದು.

ಬೀಗರು ಯಾಕೆ ಬರುತ್ತಿದ್ದಾರೆ ಎಂಬುದು ಸೋಡಕ್ಕನಿಗೆ ಅರ್ಥವಾಗಿತ್ತು. ಬೆಳಿಗ್ಗೆಯಿಂದ ನೆಲ ಒರೆಸಿ, ಒಳ್ಳೆಯ ಸೀರೆ ಉಟ್ಟು ಕಾದಿದ್ದಳು. ಎದುರು ಮನೆಯಾಕೆ ಬಾಗಿಲವರೆಗೆ ಬಂದು, ಒಳಗೆ ಕಾಲಿಡದೆ ತಿರುಗಿ ಹೋಗಿದ್ದಳು. ಯಾಕೆಂದು ಅವಳಿಗೆ ಹೊಳೆದಿರಲಿಲ್ಲ.

"ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ನಗುತ್ತ ಬಾಗಿಲು ತೆಗೆದಳು.

ಸೊಸೆಯ ತಂದೆ ಹೊಸ್ತಿಲಲ್ಲೇ ನಿಂತುಬಿಟ್ಟರು. ತಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಮನೆ ತುಂಬ ಸತ್ತ ಇಲಿಯ ನಾತ.

"ಏನು ಬೀಗರೇ, ನಾವು ಬರ್ತೀವಿ ಅಂತ ಗೊತ್ತಿದ್ದೂ..." ಎಂದರು ತಂದೆ.

ಸೋಡಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಗು ಹಾಗೇ ಉಳಿದು, ಬಣ್ಣ ಮಾತ್ರ ಇಳಿಯಿತು. ಸರಸರನೆ ಹೋಗಿ ಸೋಡಾದ ಡಬ್ಬಿ ತಂದಳು. ಸಿಂಕಿನ ಬಳಿ ಹೋಗಿ ಒಂದು ಹಿಡಿ ಹಾಕಿ, ತಿರುಗಿ ಅವರ ಮುಖ ನೋಡಿದಳು. ಕಸದ ಬುಟ್ಟಿಗೆ ಹಾಕಿ ಮತ್ತೆ ನೋಡಿದಳು. ಬಚ್ಚಲಿನ ಕಡೆ ಓಡಿದಳು. ನಾತ ಫ್ರಿಡ್ಜಿನ ಹಿಂದಿನಿಂದ ರಾಚುತ್ತಿತ್ತು. ಅವಳು ಅದರ ಪಕ್ಕದಲ್ಲೇ ಎರಡು ಸಲ ಹಾದುಹೋದಳು. ಓಡಾಟದಲ್ಲಿ ಪುಡಿ ನೆಲಕ್ಕೆಲ್ಲ ಚೆಲ್ಲಿತು.

ಸೊಸೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಇಷ್ಟು ದಿನ ಸಿಟ್ಟಿನಿಂದ ಕಂಡಿದ್ದೆಲ್ಲ ಒಂದೇ ಗಳಿಗೆಯಲ್ಲಿ ಬೇರೆಯಾಗಿ ಕಂಡಿತು.

ಹತ್ತಿರ ಹೋಗಿ ಅತ್ತೆಯ ಮೊಣಕೈ ಹಿಡಿದು, ಅವಳಿಗಷ್ಟೇ ಕೇಳುವಂತೆ, "ಫ್ರಿಡ್ಜ್ ಹಿಂದೆ, ಅತ್ತೆ" ಎಂದಳು.

ಸೋಡಕ್ಕ ಅವಳನ್ನು ನೋಡಿದಳು.

ಸೊಸೆ ದನಿ ಏರಿಸಿ, "ಅಪ್ಪ, ಇಲಿ ಸತ್ತಿದೆ. ಅಷ್ಟು ದೊಡ್ಡ ಫ್ರಿಡ್ಜನ್ನ ಇವ್ರೊಬ್ಬರೇ ಹೇಗೆ ಜರುಗಿಸ್ತಾರೆ? ಬಾ, ಒಂದು ಕೈ ಹಿಡಿ" ಎಂದಳು.

ಬೀಗರು ಅಂಗಿಯ ತೋಳು ಮಡಿಚಿ ಫ್ರಿಡ್ಜು ಜರುಗಿಸಿದರು. ಇಲಿಯನ್ನು ಕಾಗದದಲ್ಲಿ ಸುತ್ತಿ ಹೊರಗೆ ಸಾಗಿಸಿದ್ದಾಯಿತು.

"ಈಗ ಸೋಡಾ ಹಾಕ್ಲಾ?" ಎಂದು ಸೊಸೆ ಕೇಳಿದಳು.

"ಮೊದಲು ಸೋಪಿನ ನೀರಲ್ಲಿ ಒರೆಸು. ನೆಲ ಒಣಗಿದ ಮೇಲೆ ದಪ್ಪಗೆ ಹಾಕಿ ನಾಳೆ ತನಕ ಬಿಡು" ಎಂದಳು ಸೋಡಕ್ಕ. ಅಲ್ಲೇ ಗೋಡೆಗೊರಗಿ ಕೂತು, ಜ್ವರದಿಂದ ಹಿಡಿದು ಎಲ್ಲವನ್ನೂ ಪಿಸುದನಿಯಲ್ಲಿ ಹೇಳಿದಳು. "ನೀನು ಹೊರಗೆ ಹೋಗೋಳು. ಈ ಮನೆಯಿಂದ ಏನಾದ್ರೂ ವಾಸನೆ ಹೊತ್ಕೊಂಡು ಹೋಗಿ ನಾಲ್ಕು ಜನರ ಎದುರು ನಗೆಪಾಟಲಾದ್ರೆ ಅಂತ ಭಯ ಕಣಮ್ಮ."

"ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ನೀನೂ ಕೇಳ್ಲಿಲ್ಲ."

ಚಹಾ ಕುಡಿದ ಮೇಲೆ ತಂದೆ ಗಂಟಲು ಸರಿಮಾಡಿಕೊಂಡರು. "ಆ ಮನೆ ವಿಷಯ..."

"ಈಗ ಬೇಡ ಅಪ್ಪ."

"ಅದಕ್ಕೇ ತಾನೇ ನಮ್ಮನ್ನ ಎಳ್ಕೊಂಡು ಬಂದಿದ್ದು?"

"ಫ್ರಿಡ್ಜ್ ಜರುಗಿಸೋಕೆ ಅಂತ ತಿಳ್ಕೋ" ಎಂದಳು ಮಗಳು. ತಾಯಿ ನಗು ತಡೆಯಲಾರದೆ ಕೆಮ್ಮಿದರು.

ಮುಂದಿನ ವಾರ ಸೊಸೆ ಅತ್ತೆಯನ್ನು ಡಾಕ್ಟರ ಬಳಿ ಕರೆದೊಯ್ದಳು. ವಾಸನೆ ಮತ್ತೆ ಬರಬಹುದು, ಬಾರದೆಯೂ ಇರಬಹುದು ಎಂದರು ಅವರು. ಲಾಡ್ಜಿನಲ್ಲಿ ಸೋಡಕ್ಕ ತಾನೇ ಹೋಗಿ ಹೇಳಿದಳು. ಮೇಲ್ವಿಚಾರಕ ಅವಳನ್ನು ಇಸ್ತ್ರಿ ಮೇಜಿಗೆ ಹಾಕಿದ. ದಿನವೆಲ್ಲ ನಿಲ್ಲುವ ಕೆಲಸ, ಕಾಲು ಬಾತುಕೊಳ್ಳುತ್ತಿತ್ತು. ಆದರೆ ಅನ್ನ ತಪ್ಪಲಿಲ್ಲ.

ಅತ್ತೆ ಸೊಸೆಯರ ಜಗಳವೇನೂ ನಿಂತಿಲ್ಲ. ಫ್ಯಾನು, ಟೀವಿ, ಒಣಹಾಕಿದ ಬಟ್ಟೆ, ದಿನಕ್ಕೊಂದು ಇದ್ದೇ ಇದೆ. ಈಗ ಮಾತ್ರ ಅದು ಬಾಯಿಬಿಟ್ಟು ಆಡುವ ಜಗಳ.