ಅಂಬುಬಾಯಿಯ ಲೋಟ

೧೯೮೪ರಲ್ಲಿ ಜೇವರ್ಗಿಯ ನಮ್ಮ ಮನೆಯ ಪಾತ್ರೆಗಳನ್ನೆಲ್ಲ ತಿಕ್ಕುತ್ತಿದ್ದವಳು ಅಂಬುಬಾಯಿ. ಆದರೂ ಕೆಳಗಿನ ಕೇರಿಯವಳೆಂದು ಅವಳ ಚಹಾದ ಗಾಜಿನ ಲೋಟ ಬೇರೆ. ಗುರುತಿಗಾಗಿ ಅದಕ್ಕೆ ಗಾಯದ ಪಟ್ಟಿ ಅಂಟಿಸಿದ್ದವಳು ನಾನೇ.

ಬಸವ ಜಯಂತಿಯಂದು ಸಮಾನತೆಯ ಕುರಿತ ನನ್ನ ಭಾಷಣ ಕೇಳಿದವರು ಮನೆಗೆ ಬಂದರು. ಒಂದು ಲೋಟ ಕಡಿಮೆ ಬಿತ್ತು.

"ನಿನ್ನ ಲೋಟದ ಪಟ್ಟಿ ಕಿತ್ತು ತೊಳಕೊಂಡು ಬಾ," ಎಂದೆ.

ಪಟ್ಟಿ ಕಿತ್ತು ಬಂತು, ಅಂಟು ಉಳಿಯಿತು. ಅಂಬುಬಾಯಿ ಕುಸುಬಿ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬೂದಿಯಿಂದ ತಿಕ್ಕಿ ತೊಳೆದಳು. ಲೋಟವನ್ನು ಉಳಿದವುಗಳ ನಡುವೆ ಇಟ್ಟಳು.

"ಅಂಟು ಹೋತ್ರಿ, ಅಕ್ಕೋರ. ನಾಳಿಗಿ ನಂದ್ಯಾವ್ದು ಅಂತ ಹ್ಯಾಂಗ ಗುರ್ತ ಹಿಡೀತೀರಿ?"

ಮರುದಿನ ಅವಳಿಗೆ ಪಟ್ಟಿಯಿಲ್ಲದ ಲೋಟದಲ್ಲೇ ಚಹಾ ಕೊಟ್ಟೆ.

"ನಾ ಚಹಾ ಬಿಟ್ಟೀನ್ರಿ," ಎಂದು ಪಾತ್ರೆ ತಿಕ್ಕಲು ಕುಳಿತಳು. ನಮ್ಮ ಮನೆಯಲ್ಲಿ ಅವಳು ಮತ್ತೆಂದೂ ಚಹಾ ಕುಡಿಯಲಿಲ್ಲ.